ಜನವರಿ ಸಂತೆಯಲ್ಲಿ ಅಮರಮ್ಮ ಕೊಟ್ಟ ಸೊನ್ನೆ

ರಾಯಚೂರಿನ ಮಾನ್ವಿ ರಸ್ತೆಯಲ್ಲಿರುವ ಆ ಹತ್ತಿ ಮಿಲ್ಲಿಗೆ ಹೊಸದಾಗಿ ಬಂದವರು ಯಾರೇ ಆಗಲಿ, ಅಮರಮ್ಮನ ವಿಷಯ ಮೊದಲ ಸಲ ಕೇಳಿದಾಗ ನಂಬುವುದಿಲ್ಲ. ನಂಬುವಂಥ ಮಾತೂ ಅಲ್ಲ ಬಿಡಿ. ಐವತ್ತೆರಡು ವರ್ಷದ ಹೆಂಗಸು. ಹುಟ್ಟಿದ್ದು ದೇವದುರ್ಗ ತಾಲ್ಲೂಕಿನ ಮಸರಕಲ್‌ನಲ್ಲಿ, ಓದಿದ್ದು ಮೂರನೇ ಇಯತ್ತೆ, ಮೂವತ್ತು ವರ್ಷದಿಂದ ಮಾಡಿದ್ದು ಹತ್ತಿ ರಾಶಿಯ ಮುಂದೆ ಕುಳಿತು ಕಸ ಆರಿಸುವ ಕೆಲಸ. ಈಕೆ ವರ್ಷಕ್ಕೊಮ್ಮೆ ಯುರೋಪಿನ ದೊಡ್ಡ ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳಿಗೆ ಹತ್ತಕ್ಕೆ ಇಷ್ಟು ಎಂದು ಮಾರ್ಕು ಕೊಡುತ್ತಾಳೆ, ಮಿಲ್ಲಿನ ಮಂದಿ ಊಟದ ಡಬ್ಬಿ ಬದಿಗಿಟ್ಟು ಕೇಳುತ್ತಾರೆ ಎಂದರೆ ಯಾರಿಗಾದರೂ ನಗು ಬರುತ್ತದೆ. ಒಮ್ಮೆ ಕೇಳಿದವರು ಆಮೇಲೆ ನಗುವುದಿಲ್ಲ.

ಶುರುವಾಗಿದ್ದು ಏಳು ವರ್ಷದ ಕೆಳಗೆ. ಮಿಲ್ಲಿನ ಮಷೀನು ನೋಡಿಕೊಳ್ಳುವ ಸಂಜೀವ ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ಹಳೆಯ ಪಂದ್ಯವೊಂದನ್ನು ನೋಡುತ್ತಿದ್ದ. ನೀರು ತರಲು ಎದ್ದ ಅಮರಮ್ಮ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಹಿಂದ ನಿಂತಾನಲ್ಲ ಆ ಉದ್ದನ್ನಾವ, ಅವ ನಿಂತ ಜಾಗ ಬರೋಬರಿ ಇಲ್ಲ. ಈಗ ಗೋಲ್ ಆಗ್ತದ ನೋಡು."

ಅರ್ಧ ನಿಮಿಷದಲ್ಲಿ ಗೋಲಾಯಿತು. ಸಂಜೀವನ ಗಂಟಲಲ್ಲಿ ರೊಟ್ಟಿ ಸಿಕ್ಕಿಕೊಂಡಿತು. ಅಂದಿನಿಂದ ಅಮರಮ್ಮನಿಗೆ ಆಟದ ಹುಚ್ಚು ಹಿಡಿಯಿತು. ಕ್ಲಬ್ಬುಗಳ ಹೆಸರು ಆಕೆಯ ನಾಲಿಗೆಯಲ್ಲಿ ಹೊರಳಲಿಲ್ಲ, ಆದ್ದರಿಂದ ಅಂಗಿಯ ಬಣ್ಣದ ಮೇಲೆ ಕರೆದಳು: ಕೆಂಪಂಗಿ, ತಿಳಿನೀಲಿ, ಪಟ್ಟಾಪಟ್ಟಿ. ಜನವರಿ ತಿಂಗಳಲ್ಲಿ, ಇನ್ನೂ ಅರ್ಧ ಆಟ ಉಳಿದಿರುವಾಗ, ಈ ಕ್ಲಬ್ಬುಗಳು ಆಟಗಾರರನ್ನು ಕೊಂಡು ಮಾರುತ್ತವೆ ಎಂದು ಸಂಜೀವ ಹೇಳಿದಾಗ ಆಕೆ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಸುಗ್ಗಿ ನಡಬರಕ ಎತ್ತು ಬದಲು ಮಾಡ್ತಾರೇನು? ಎಂಥ ಮಂದಿ ಇವರು!"

"ಮಾಡ್ತಾರವ್ವ. ಅದಕ್ಕ ಟ್ರಾನ್ಸ್‌ಫರ್ ವಿಂಡೋ ಅಂತಾರ. ತಿಂಗಳ ಮುಗೀತಿದ್ದಂಗ ಬಾಗಿಲಾ ಬಂದ್."

"ವಿಂಡೋನೂ ಇಲ್ಲ ಗಿಂಡೋನೂ ಇಲ್ಲ. ಇದು ಜನವರಿ ಸಂತಿ," ಎಂದಳು ಅಮರಮ್ಮ. ಆ ಹೆಸರೇ ನಿಂತಿತು.

ಮಾರ್ಕು ಕೊಡುವ ರೀತಿ ಮಾತ್ರ ಮಿಲ್ಲಿನದೇ. ಅಲ್ಲಿ ಹತ್ತಿ ಬಂದಾಗ ಪ್ರತಿ ರಾಶಿಯ ಒಡಲಿನಿಂದ ಒಂದು ಹಿಡಿ ತೆಗೆದು ಹಲಗೆಯ ಮೇಲಿಡುತ್ತಾರೆ. ಅದರ ಪಕ್ಕದಲ್ಲಿ ರೈತನ ಹೆಸರಿನ ಚೀಟಿ, ಬೋರಲಾಗಿ. ಮೂವತ್ತು ವರ್ಷ ಹತ್ತಿ ಆರಿಸಿದ ಕೈಯೆಂದು ದರ್ಜೆ ಹೇಳುವುದೂ ಅಮರಮ್ಮನಿಗೇ ಬಿದ್ದಿತ್ತು. ಆಕೆ ಒಂದು ಚಿಟಿಕೆ ಹತ್ತಿಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದೆಳೆದು, ಎಳೆಯ ಉದ್ದ ನೋಡಿ ದರ್ಜೆ ಹೇಳಬೇಕು. ಹೇಳಿದ ಮೇಲೆಯೇ ಚೀಟಿ ತಿರುವುವುದು. ತಿರುವಿದ ಮೇಲೆ ದರ್ಜೆ ಬದಲಿಸುವ ಹಾಗಿಲ್ಲ. ಒಂದು ವರ್ಷ ಆಕೆ "ಎರಡನೇದು" ಎಂದಳು, ಚೀಟಿ ತಿರುವಿದರೆ ಮಸರಕಲ್‌ನ ಸ್ವಂತ ಅಣ್ಣನ ಹೆಸರು. ಅಣ್ಣ ಅಲ್ಲೇ ನಿಂತಿದ್ದ. ಅಮರಮ್ಮ ಆಡಿದ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಅಣ್ಣ ಎರಡು ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಬರಲಿಲ್ಲ. ಆಕೆ ಎರಡೂ ಪಂಚಮಿಗೆ ಅತ್ತಳು, ಆದರೆ ದರ್ಜೆ ಎರಡನೆಯದೇ ಉಳಿಯಿತು.

ಕ್ಲಬ್ಬುಗಳಿಗೂ ಅದೇ ನಿಯಮ. ಫೆಬ್ರುವರಿ ಎರಡರಂದು ಸಂಜೀವ ಒಂದೊಂದು ಕ್ಲಬ್ಬಿನ ವ್ಯವಹಾರವನ್ನು ಒಂದೊಂದು ಚೀಟಿಯಲ್ಲಿ ಬರೆಯುತ್ತಾನೆ. ಮುಂದೆ ಯಾರು ಬಂದರು, ಯಾರು ಹೋದರು ಎಂಬುದು, ಹಿಂದೆ ಕ್ಲಬ್ಬಿನ ಹೆಸರು. ಅಮರಮ್ಮನ ಪಕ್ಕದಲ್ಲೇ ಇಪ್ಪತ್ತು ವರ್ಷ ಹತ್ತಿ ಆರಿಸಿದ ಗೆಳತಿ ರಂಜಾನಬಿ ಹೆಸರು ಮುಚ್ಚಿಟ್ಟು ಓದುತ್ತಾಳೆ. ಅಮರಮ್ಮ ಹತ್ತಿ ತುಂಬಿದ ಅಂಡಿಗೆಯ ಮೇಲೆ ಕುಳಿತು ಮಾರ್ಕು ಹೇಳುತ್ತಾಳೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಇಂಥ ಕಣ್ಣು ಊರಿಗೆ ಬೇಡವೇ? ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಕಡೆ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡಗಳಾದವು. ದೊಡ್ಡವರನ್ನು ನೋಡಿ ಅವರೂ ಜನವರಿಯಲ್ಲಿ ಮಾತ್ರ ತಂಡ ಬದಲಿಸಬಹುದೆಂಬ ಕಾನೂನು ಮಾಡಿಕೊಂಡರು. ರಾಯಚೂರಿನ ತಂಡದವರು ಮನೆಗೇ ಬಂದು, ಯಾರು ಆಡಬೇಕೆಂದು ಆರಿಸುವ ಕೆಲಸ ಅಮರಮ್ಮನಿಗೆ ಒಪ್ಪಿಸಿದರು. ಆಕೆಯ ಮಗಳು ಮೌನೇಶ್ವರಿ ಅದೇ ತಂಡದ ಗೋಲ್‌ಕೀಪರು. ಇನ್ನೊಬ್ಬ ಕೀಪರು ಸ್ವಪ್ನಾ.

ಮೌನೇಶ್ವರಿ ಮೊದಲ ಸಲ ಮೈದಾನಕ್ಕೆ ಇಳಿಯುವಾಗಲೇ ಹೊರಗೆ ಚಹಾ ಮಾರುವ ವೆಂಕಣ್ಣ ಒಂದು ಮಾತು ಎಸೆದ. "ಆರಿಸಾಕಿ ಅವ್ವ, ಆಡಾಕಿ ಮಗಳು. ಸಸಾರ ಆತಲ್ಲ!" ಅವನು ನಗುತ್ತಾ ಹೇಳಿದ್ದು, ಮರುಕ್ಷಣ ಮರೆತದ್ದು. ಅಮರಮ್ಮ ಮರೆಯಲಿಲ್ಲ. ಆ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು. ಎರಡು ವರ್ಷ ಸ್ವಪ್ನಾಳೇ ಗೋಲಿಗೆ ನಿಂತಳು. ಸ್ವಪ್ನಾಳಿಗೆ ಜ್ವರ ಬಂದಾಗ, ಮದುವೆ ಮನೆಗೆ ಹೋದಾಗ ಮಾತ್ರ ಮೌನೇಶ್ವರಿಗೆ ಅವಕಾಶ. ಆಗಲೂ ಅಮರಮ್ಮ ಮೈದಾನದ ಹೊರಗೆ ಬೆನ್ನು ಮಾಡಿ ಕೂರುತ್ತಿದ್ದಳು, ಮಗಳನ್ನು ನೋಡಿ ಮುಖ ಅರಳಿತೆಂದು ಯಾರೂ ಅನ್ನಬಾರದು ನೋಡಿ. ದೇವದುರ್ಗದಲ್ಲಿ ಸ್ವಪ್ನಾಳ ಕೈಯಲ್ಲಿ ಚೆಂಡು ನಿಲ್ಲದೆ ನಾಲ್ಕು ಗೋಲಾದ ದಿನವೂ ಮೌನೇಶ್ವರಿ ಬೆಂಚಿನ ಮೇಲೆಯೇ ಇದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ ಕುಳಿತಿದ್ದರು. ಗಬ್ಬೂರು ದಾಟುವವರೆಗೂ ಮೌನೇಶ್ವರಿ ಕೈಗವಸನ್ನು ಬಿಚ್ಚಿ ಮಡಿಸುತ್ತಲೇ ಇದ್ದಳು. ನನ್ನನ್ನು ಕೇಳಿದರೆ ಮಗಳನ್ನು ಹಾಗೆ ಕೂರಿಸಿದ್ದು ನ್ಯಾಯವಲ್ಲ, ಹೆದರಿಕೆ. ಆದರೆ ನನ್ನನ್ನು ಯಾರು ಕೇಳುತ್ತಾರೆ?

ಈ ವರ್ಷದ ಫೆಬ್ರುವರಿ ಎರಡರಂದು ಬೆಳಿಗ್ಗೆ ಮೌನೇಶ್ವರಿ ಅವ್ವನಿಗಿಂತ ಮೊದಲೇ ಎದ್ದು ರೊಟ್ಟಿ ಬಡಿದಿದ್ದಳು. ಅಮರಮ್ಮನಿಗೆ ಅದು ವಿಚಿತ್ರವೆನಿಸಿತು, ಕೇಳಲಿಲ್ಲ.

ಮಧ್ಯಾಹ್ನ ಮಿಲ್ಲಿನ ಅಂಗಳ ತುಂಬಿತು. ರಂಜಾನಬಿ ಕನ್ನಡಕ ಏರಿಸಿ ಮೊದಲ ಚೀಟಿ ಓದಿದಳು. ಒಂದು ಕ್ಲಬ್ಬು ಮುಂದೆ ನಿಂತು ಗೋಲು ಹೊಡೆಯುವ ಮೂವರನ್ನು ತಂದು, ನಡುವೆ ಆಡುವ ಒಬ್ಬನೇ ಒಬ್ಬ ಗಟ್ಟಿಗನನ್ನು ಕಳಿಸಿಬಿಟ್ಟಿತ್ತು.

"ಉಣ್ಣೋರು ಮೂರು ಮಂದಿ, ಅಡಿಗಿ ಮಾಡಾಕಿ ತವರಿಗಿ ಹೋದಂಗಾತಲ್ಲ! ಎರಡು," ಎಂದಳು ಅಮರಮ್ಮ. ಚೀಟಿ ತಿರುವಿದರೆ ಕೆಂಪಂಗಿ. ಕೆಂಪಂಗಿಯ ಅಭಿಮಾನಿ ಸಂಜೀವ ತಲೆ ಮೇಲೆ ಕೈ ಹೊತ್ತು ಕೂತ.

ತಿಳಿನೀಲಿಯವರಿಗೆ ಏಳು. ಪಟ್ಟಾಪಟ್ಟಿಯವರು ಕಾಲು ಮುರಿದುಕೊಂಡು ಮಲಗಿದ್ದವನನ್ನೇ ಕೊಂಡಿದ್ದರು. ಅದನ್ನು ಕೇಳಿ ಆಕೆ ಎದೆ ಮೇಲೆ ಕೈ ಇಟ್ಟು "ಕಣ್ಣು ಕಟ್ಟಿಗೊಂಡು ಸಂತಿಗಿ ಹೋಗಿದ್ರೇನು?" ಎಂದು ಒಂದೇ ಮಾರ್ಕು ಕೊಟ್ಟಳು. ಜನ ಬಿದ್ದು ಬಿದ್ದು ನಕ್ಕರು. ಆರು ಚೀಟಿ ಮುಗಿದವು. ರಂಜಾನಬಿ ಏಳನೆಯದನ್ನು ತೆಗೆದಳು. ಕನ್ನಡಕವನ್ನು ಒಮ್ಮೆ ಒರೆಸಿಕೊಂಡಳು.

"ಒಂದು ಕ್ಲಬ್ಬು. ಅದರ ಗೋಲ್‌ಕೀಪರ್, ವಯಸ್ಸು ಇಪ್ಪತ್ತೊಂದು. ಎರಡು ವರ್ಷದಾಗ ಆಡಾಕ ಸಿಕ್ಕಿದ್ದು ನಾಲ್ಕೇ ಆಟ. ನಾಲ್ಕರಾಗ ಬಿಟ್ಟಿದ್ದು ಒಂದೇ ಗೋಲು. ಉಳಿದ ಇಪ್ಪತ್ತು ಆಟ ಬೆಂಚಿನ ಮ್ಯಾಲ. ಆ ಇಪ್ಪತ್ತರಾಗ ಇನ್ನೊಂದು ಕೀಪರ್ ಬಿಟ್ಟಿದ್ದು ಮೂವತ್ತೊಂದು ಗೋಲು. ಈಗ ಆ ಬೆಂಚಿನ ಕೀಪರ್ ಬ್ಯಾರೆ ಕ್ಲಬ್ಬಿಗಿ ಹೋಗ್ಯದ. ಇವರು ತಡೀಲಿಲ್ಲ, ಯಾಕಂತ ಕೇಳಲಿಲ್ಲ, ಬದಲಿಗಿ ಯಾರನ್ನೂ ತರಲಿಲ್ಲ."

ಅಮರಮ್ಮ ಅಂಡಿಗೆಯಿಂದ ಎದ್ದೇ ನಿಂತಳು. ಏಳು ವರ್ಷದಲ್ಲಿ ಆಕೆಗೆ ಇಷ್ಟು ಸಿಟ್ಟು ಬಂದದ್ದನ್ನು ಯಾರೂ ಕಂಡಿರಲಿಲ್ಲ.

"ನಾಲ್ಕರಾಗ ಒಂದೇ ಗೋಲಾ? ಅಂಥಾವನ್ನ ಎರಡು ವರ್ಷ ಕುಂದ್ರಿಸಿದ್ರಾ? ಆರಿಸೋರು ಯಾರದಾರ ಅಲ್ಲಿ? ಅವರ ಕಣ್ಣಾಗ ಏನು ಮಣ್ಣು ಬಿದ್ದಿತ್ತು? ಆ ಕೂಸಿನ ಹೊಟ್ಟಿ ಎಷ್ಟು ಉರಿದಿರಬೇಕು! ಹೋಗಿದ್ದ ಚಲೋ ಆತು. ಸೊನ್ನಿ! ಸೊನ್ನಿಗಿಂತ ಕೆಳಗ ಇದ್ರ ಅದನ್ನ ಕೊಡ್ತಿದ್ದೆ. ತಿರುವು ಚೀಟಿ."

ರಂಜಾನಬಿ ಚೀಟಿ ತಿರುವಿದಳು. ಆದರೆ ಓದಲಿಲ್ಲ, ಗೆಳತಿಯ ಕೈಗೆ ಕೊಟ್ಟಳು. ಅಮರಮ್ಮ ಕಣ್ಣು ಕಿರಿದು ಮಾಡಿ ಒಂದೊಂದೇ ಅಕ್ಷರ ಕೂಡಿಸಿದಳು. ರಾ. ಯ. ಚೂ. ರು.

"ಇದ್ಯಾ ದೇಶದಾಗಿನ ರಾಯಚೂರು?" ಎಂದಳು.

ಯಾರೂ ನಗಲಿಲ್ಲ. ಹೆಸರಿನ ಕೆಳಗೆ ಇನ್ನೂ ಎರಡು ಸಾಲು ಇದ್ದವು. ಕೀಪರ್, ಮೌನೇಶ್ವರಿ. ಹೋದದ್ದು, ಮಾನ್ವಿ. ಅದು ಸಂಜೀವನ ಅಕ್ಷರವಲ್ಲ, ಮಗಳದು. ಪಡಿತರ ಚೀಟಿಯ ಅರ್ಜಿಯಿಂದ ಹಿಡಿದು ಎಲ್ಲವನ್ನೂ ಮನೆಯಲ್ಲಿ ಬರೆದುಕೊಡುತ್ತಿದ್ದ ಆ ಅಕ್ಷರ ಆಕೆಗೆ ಗೊತ್ತಿತ್ತು.

ಅಮರಮ್ಮ ಚೀಟಿಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದಳು. ಮಗಳು ಹೋಗಿದ್ದಾಳೆ. ಒಂದೇ ಮನೆಯಲ್ಲಿ ಉಂಡು ಮಲಗುತ್ತಿದ್ದವಳು ಹೇಳದೆ ಹೋಗಿದ್ದಾಳೆ, ತಂಡದವರೂ ಬಾಯಿ ಬಿಟ್ಟಿಲ್ಲ. ಅದಕ್ಕಿಂತ ದೊಡ್ಡ ಆಘಾತ ಇನ್ನೊಂದಿತ್ತು. ನಾಲ್ಕು ಆಟಕ್ಕೆ ಒಂದೇ ಗೋಲು ಎಂಬ ಲೆಕ್ಕವನ್ನೇ ಆಕೆ ಇಟ್ಟಿರಲಿಲ್ಲ. ಜಗತ್ತಿನ ಕೀಪರುಗಳ ಕೈ ಕಾಲು ಎಲ್ಲಾ ಬಲ್ಲ ಅಮರಮ್ಮ, ಸ್ವಂತ ಮಗಳು ಪಂದ್ಯದಲ್ಲಿ ಚೆಂಡು ಹಿಡಿಯುವುದನ್ನು ಒಮ್ಮೆಯೂ ನೋಡಿರಲಿಲ್ಲ.

"ಆಕೀನೇ ತಂದುಕೊಟ್ಟಳಕ್ಕಾ," ಎಂದಳು ರಂಜಾನಬಿ, ದನಿ ಇಳಿಸಿ. "ಇದೊಂದು ಓದು ಕಾಕೂ, ಮತ್ತೇನೂ ಬ್ಯಾಡ ಅಂದಳು. ಹಂಗಂತ ಓದೀನಿ. ತಪ್ಪಾಗಿದ್ರ ಮಾಫ್ ಮಾಡು. ಬೇಕಾದ್ರ ಮಾರ್ಕು ಬದಲು ಮಾಡು, ಇಲ್ಲಿ ಯಾರು ಏನಂತಾರ?"

ಅಂಗಳದ ಮಂದಿಯೆಲ್ಲ ಹೌದು ಹೌದು ಎಂದರು. ಅಮರಮ್ಮನಿಗೆ ಅಣ್ಣನ ಮುಖ ನೆನಪಾಯಿತು.

"ಚೀಟಿ ತಿರುವ್ಯದ. ಸೊನ್ನಿ ಬರಿ," ಎಂದಳು ಸಂಜೀವನಿಗೆ.

ಅವನು ಬರೆದ. ಬರೆದು, ಮೆಲ್ಲಗೆ ಕೇಳಿದ, "ತಗೊಂಡೋರಿಗೆ? ಮಾನ್ವಿಗೆ ಎಷ್ಟು?"

"ಹತ್ತು," ಎಂದಳು. ಅದುವರೆಗೆ ಆಕೆ ಯಾರಿಗೂ ಹತ್ತು ಕೊಟ್ಟವಳಲ್ಲ.

"ಮನಿಯಾಗ ಅದಾಳೇನು ಈಗ?"

"ಗೇಟಿನ ಹೊರಗ ಅದಾಳ," ಎಂದಳು ರಂಜಾನಬಿ. "ಮಾನ್ವಿ ಬಸ್ಸಿಗಿ ನಿಂತಾಳ. ಅಲ್ಲಿ ಹಾಸ್ಟೆಲ್ ಹುಡುಗ್ಯಾರಿಗೆ ಆಟ ಕಲಿಸೋ ಕೆಲಸಾನೂ ಕೊಟ್ಟಾರಂತ."

ಅಮರಮ್ಮ ತಲೆಗೂದಲಲ್ಲಿ, ಸೆರಗಿನಲ್ಲಿ ಹತ್ತಿ ಅಂಟಿಸಿಕೊಂಡೇ ಓಡಿದಳು. ಬೇವಿನ ಮರದ ಕೆಳಗೆ ಮೌನೇಶ್ವರಿ ನಿಂತಿದ್ದಳು. ಕಾಲ ಬಳಿ ಬ್ಯಾಗು, ಬ್ಯಾಗಿನ ಮೇಲೆ ಕೈಗವಸು. ಅವ್ವನನ್ನು ಕಂಡು ಅವಳು ಹಿಂದೆ ಸರಿಯಲಿಲ್ಲ.

"ಎಷ್ಟು ಕೊಟ್ಟಿ ಯವ್ವಾ?"

"ಸೊನ್ನಿ."

"ಯಾರಿಗೆ?"

"ರಾಯಚೂರಿಗೆ." ಅಮರಮ್ಮ ಮತ್ತೆ ಹೇಳಿದಳು, "ನನಗ. ನನಗ ಕೊಟ್ಟೀನವ್ವಾ ಸೊನ್ನಿ. ಮಾನ್ವಿಗೆ ಹತ್ತು."

ಮೌನೇಶ್ವರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಎರಡು ವರ್ಷ ಇದೊಂದು ಮಾತಿಗೆ ಕಾದೀನಿ. ಎಲ್ಲಾರ ಚೀಟಿ ಬೋರಲ ಹಾಕಿ ನೋಡ್ತಿದ್ದಿ, ನಂದೊಂದು ಹಾಕಲಿಲ್ಲ. ಹೆಸರು ಮುಚ್ಚಿದ ಮ್ಯಾಲ ಕಂಡೆ ನೋಡು ನಿನಗ."

ಅಮರಮ್ಮ ಮಗಳ ಕೈಗವಸನ್ನು ಎತ್ತಿಕೊಂಡು ನೋಡಿದಳು. ಎರಡು ವರ್ಷದ ಹಿಂದೆ ತಾನೇ ಕೊಡಿಸಿದ್ದು, ಇನ್ನೂ ಹೊಸದರಂತೆಯೇ ಇತ್ತು. ಅದನ್ನು ಕಂಡು ದುಃಖ ಉಕ್ಕಿ ಬಂತು, ರಸ್ತೆಯಲ್ಲೇ ಅತ್ತಳು.

ಬಸ್ಸು ಬಂದು ನಿಂತಿತು. ಕಂಡಕ್ಟರು ಬೇಗ ಹತ್ತಿರೆಂದು ಕೂಗಿದ. ಮೌನೇಶ್ವರಿ ಅವ್ವನ ಕಾಲು ಮುಟ್ಟಿ, ಕೈಯಲ್ಲಿದ್ದ ಗವಸು ಇಸಿದುಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟಳು. ಹೋಗಬೇಡ, ನಾಳೆಯಿಂದ ನೀನೇ ಗೋಲಿಗೆ ನಿಲ್ಲು ಎನ್ನಲು ಅಮರಮ್ಮ ಬಾಯಿ ತೆರೆದಳು. ಆದರೆ ಜನವರಿ ಸಂತೆ ಮುಗಿದು ಆಗಲೇ ಎರಡು ದಿನವಾಗಿತ್ತು.