ಕಲ್ಲು ಕುಟ್ಟುತ್ತಿದ್ದ ಸರ್

ಮೊನ್ನೆ ಸವೆದ ಒರಳಿಗೆ ಉಳಿಯಿಂದ ಮುಳ್ಳು ಹೊಡೆದು ಒರಟು ಮಾಡಿಕೊಡುವ ಹೆಂಗಸು ನಮ್ಮ ಓಣಿಗೆ ಬಂದಿದ್ದಳು. ಈಗ ಒರಳು ಯಾರಿಗೂ ಬೇಡ, ನಾನೊಬ್ಬಳು ಹಟಕ್ಕೆ ಇಟ್ಟುಕೊಂಡಿದ್ದೇನೆ. ಅವಳ ಉಳಿಯ ಏಟಿಗೆ ಕಲ್ಲಿನಿಂದ ಸುಟ್ಟಂಥ ವಾಸನೆ ಎದ್ದಿತು. ಪಕ್ಕದ ಮನೆಯ ಸರ್ ನೆನಪಾದರು...

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಇಳಕಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ. ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಅವರು ಬಾಡಿಗೆಗಿದ್ದರು. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು. ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ಓಣಿಯ ಎಲ್ಲ ಮನೆಗಳಿಂದ ಮಗ್ಗದ ಸದ್ದು ಬಂದರೆ, ಇವರ ಮನೆಯಿಂದ ಧಡ್ ಧಡ್ ಎಂದು ಕಲ್ಲು ಕುಟ್ಟುವ ಸದ್ದು.

"ದಿನಾ ಕಲ್ಲು ಕುಟ್ಟಿ ಹಿಟ್ಟು ಮಾಡ್ತೀರಿ ಸರ್, ರೊಟ್ಟಿ ಉಣ್ಣಾಕ ಯಾವಾಗ ಕರೀತೀರಿ?" ಎಂದು ಒಮ್ಮೆ ಛೇಡಿಸಿದೆ.

ಅವರು ನಗಲಿಲ್ಲ. "ಅಕ್ಕೋರ, ಎರಡು ಭೂಖಂಡ ಒಂದಕ್ಕೊಂದು ಡಿಕ್ಕಿ ಹೊಡದು ಇಲ್ಲಿ ದೊಡ್ಡ ಗುಡ್ಡಸಾಲು ಎದ್ದಿತ್ರಿ. ತಲಿ ಸವದು ಹೋತು. ನಮ್ಮ ಕೆಂಪು ಕಲ್ಲು ಅದರ ಬುಡ. ಅದು ಯಾವಾಗ ಆತು ಅನ್ನೂದು ನನಗ ತಿಳೀಬೇಕ್ರಿ" ಎಂದರು.

ಕಾದು ಕರಗಿದ ಆ ಕಲ್ಲು ಗಟ್ಟಿಯಾಗುವಾಗ ಅದರೊಳಗೆ ಜಿರ್ಕಾನ್ ಎಂಬ ಸಣ್ಣ ಹರಳು ಹುಟ್ಟುತ್ತದಂತೆ. ಹರಳಿನೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತ ಹೋಗುತ್ತದೆ. ಎಷ್ಟು ಸೀಸವಾಗಿದೆ ಎಂದು ಅಳೆದರೆ ಕಲ್ಲಿನ ವಯಸ್ಸು ಸಿಗುತ್ತದೆ. ಚಿಟಿಕೆ ಹರಳಿಗೆ ಮೂಟೆಗಟ್ಟಲೆ ಕಲ್ಲನ್ನು ಪುಡಿ ಮಾಡಿ ತೊಳೆಯಬೇಕು.

ಮೊದಲ ಸಲ ದೂರದ ಪ್ರಯೋಗಾಲಯಕ್ಕೆ ಕಳಿಸಿದ ಹರಳು ಕೆಲಸಕ್ಕೆ ಬರಲಿಲ್ಲ. ಬೇರೆ ಕಲ್ಲಿನ ಹರಳು ಬೆರೆತಿದೆ ಎಂದರಂತೆ. ವಿದ್ಯಾರ್ಥಿಗಳಿಗೆ ತೋರಿಸಲು ಬಾದಾಮಿಯ ಮರಳುಗಲ್ಲನ್ನೂ ಅದೇ ಕಬ್ಬಿಣದ ಒರಳಲ್ಲಿ ಕುಟ್ಟಿದ್ದರು. ಅಷ್ಟು ದಿನದ ದುಡಿತ ನೀರುಪಾಲು. ಹೊಸ ಒರಳು ತಂದರು. ಕೋಣೆಯ ಕಿಟಕಿಗೆ ಕಾಗದ ಅಂಟಿಸಿದರು, ಬಾಗಿಲ ಸಂದಿಗೆ ಅರಿವೆ ತುರುಕಿದರು, ಫ್ಯಾನು ತೆಗೆಸಿಬಿಟ್ಟರು. ಹೊರಗಿನ ಧೂಳು ಒಂದು ಕಣವೂ ಒಳಗೆ ಬರಬಾರದು. ಸಂಜೆ ಹೊರಬಂದಾಗ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಗಿರಣಿಯವರು ಬಂದರು ಎಂದು ನಾನೂ ವೈನಿಯೂ ನಗುತ್ತಿದ್ದೆವು. ಒಳಗಿನ ಧೂಳು ಎಲ್ಲಿಗೆ ಹೋಗಬೇಕು ಎಂಬುದು ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಕೆಲವು ವರ್ಷಗಳಲ್ಲಿ ಕೆಮ್ಮು ಹತ್ತಿತು. ಆಮೇಲೆ ಮೂರು ಮೆಟ್ಟಿಲು ಹತ್ತಿದರೂ ಏದುಸಿರು. ಬಾಗಲಕೋಟೆಯ ದವಾಖಾನೆಗೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕೇಳಿದರು: "ಯಾವ ಕ್ವಾರಿಯೊಳಗ ಕೆಲಸ ಮಾಡ್ತೀರಿ?"

"ಕ್ವಾರಿ ಅಲ್ರಿ... ಕಾಲೇಜಿನ್ಯಾಗ ಪಾಠ ಹೇಳ್ತೇನ್ರಿ."

ಡಾಕ್ಟರು ನಂಬಲಿಲ್ಲ. ಕಲ್ಲು ಒಡೆಯುವವರ ಎದೆಯಷ್ಟೇ ಹೀಗಿರುತ್ತದೆ, ಇದಕ್ಕೆ ಔಷಧವಿಲ್ಲ ಎಂದರು. ವಾಪಸು ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ವೈನಿ ಕೆಳಗಿಳಿದು ಅವರಿಗೆಂದು ಕರದಂಟು ತಂದರು. ಅದನ್ನು ಅಗಿಯುವಷ್ಟು ಉಸಿರೂ ಅವರಲ್ಲಿರಲಿಲ್ಲ.

ಎರಡನೆಯ ಸಲ ಕಳಿಸಿದ ಹರಳು ಮಾತ್ರ ಶುದ್ಧವಾಗಿತ್ತು. ಪ್ರಯೋಗಾಲಯದವರೊಬ್ಬರು ತಾವೇ ಬಂದು ಲೆಕ್ಕ ಹೇಳಿ ಹೋದರು. ನಾನು ಹೋದಾಗ ಸರ್ ದಿಂಬಿಗೆ ಒರಗಿ ಕೂತಿದ್ದರು. ಮಲಗಲು ಆಗುತ್ತಿರಲಿಲ್ಲ.

"ಇನ್ನೂರಾ... ಐವತ್ತು... ಕೋಟಿ ವರ್ಷ, ಅಕ್ಕೋರ" ಎಂದರು. ಮುಖದ ತುಂಬ ಹಿಗ್ಗು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವೈನಿ ಮೆಲ್ಲಗೆ, "ನಿಮಗಿನ್ನೂ ನಲವತ್ತು ತುಂಬಿಲ್ರಿ" ಎಂದರು. ಆ ವರ್ಷದ ಶ್ರಾವಣಕ್ಕೆ ಸರ್ ಇರಲಿಲ್ಲ.

ಆ ಕಲ್ಲಿನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅಷ್ಟು ಕೋಟಿ ವರ್ಷ ಸುಮ್ಮನೆ ಕೂತಿದ್ದಕ್ಕೆ ಇನ್ನೊಂದಿಷ್ಟು ವರ್ಷ ಕಾದು ಅವರನ್ನು ಬಾಳಗೊಡಲು ಏನು ಧಾಡಿಯಾಗಿತ್ತು...

ವೈನಿ ಈಗ ಶಿರೂರಿನಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಹೋದ ವಾರ ನೋಡಲು ಹೋಗಿದ್ದೆ. ಆ ಮನೆಯ ಸೊಸೆ ಅಂಗಳ ಗುಡಿಸಲು ಕಸಬರಿಗೆ ಹಿಡಿದದ್ದೇ ತಡ, ವೈನಿ ಮಾತು ಅರ್ಧಕ್ಕೇ ಬಿಟ್ಟು ಎದ್ದರು. ತಂಬಿಗೆ ಹಿಡಿದು, ಬಾಗಿದ ಬೆನ್ನಿನಲ್ಲೇ ಅವಳ ಮುಂದೆ ಮುಂದೆ ನೀರು ಚಿಮುಕಿಸುತ್ತ ನಡೆದರು. "ಧೂಳು ಏಳಬಾರ್ದವಾ... ತಡಿ, ಧೂಳು ಏಳಬಾರ್ದು."

ಹಿಂದಿನ ದಿನದ ಮಳೆಗೆ ಅಂಗಳ ಇನ್ನೂ ಹಸಿಯಾಗಿಯೇ ಇತ್ತು.