ಸುಮತಿಯಕ್ಕನ ತಲೆ, ನನ್ನ ಭುಜ

ಗೆಳೆಯರೇ, ಇವತ್ತು ಡೊಂಬಿವಲಿಯಲ್ಲಿ ಇಳಿಯಬೇಕಾದವಳು ಕಲ್ಯಾಣ ಮುಟ್ಟಿದೆ. ತಪ್ಪು ನನ್ನ ಭುಜದ್ದಂತೆ!

ಥಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿದಾಗ ಅಪರೂಪಕ್ಕೆ ಸೀಟು ಸಿಕ್ಕಿತು. ನಮ್ಮ ಬಿಲ್ಡಿಂಗಿನ ಸುಮತಿಯಕ್ಕ ಪಕ್ಕದಲ್ಲೇ ಕೂತು, "ಎಂತ ಮಾರಾಯ್ತಿ, ಜಿಮ್ಮಿಗೆ ಹೋಗಿ ಹೋಗಿ ಗಂಡಸರ ಭುಜ ಮಾಡ್ಕೊಂಡಿದ್ದಿ! ನಿನ್ನನ್ನು ಯಾರು ಮದುವೆ ಆಗ್ತಾರೆ?" ಅಂದರು.

ಹಾಗೆಂದ ಎರಡೇ ನಿಮಿಷಕ್ಕೆ ನಿದ್ದೆ ಹತ್ತಿ ಅವರ ತಲೆ ಅದೇ ಭುಜಕ್ಕೆ ವಾಲಿತು. ಮುಂಬ್ರಾ ಖಾಡಿಯ ನೀರಿನ ಮೇಲೆ ಸಂಜೆಯ ಬೆಳಕು ತೇಲುತ್ತಿತ್ತು. ಅವರು ಮುಡಿದ ಮಲ್ಲಿಗೆಯ ಪರಿಮಳದಲ್ಲಿ ನನ್ನ ಕಣ್ಣೂ ಮುಚ್ಚಿತು.

ಕಲ್ಯಾಣದ ಗದ್ದಲಕ್ಕೆ ಇಬ್ಬರಿಗೂ ಎಚ್ಚರವಾಯಿತು. "ನಿನ್ನ ಭುಜ ಒಂಚೂರು ಅಲುಗಾಡಿದ್ದರೂ ನಾನು ಏಳ್ತಿದ್ದೆ" ಎಂದು ಬೈದರು.

ವಾಪಸ್ ಗಾಡಿಯಲ್ಲಿ ಮದುವೆಯ ಮಾತೇ ಇಲ್ಲ. "ಆ ಭುಜ ದಣಿದಿರಬಹುದು. ಈ ಸಲ ಇನ್ನೊಂದು ಕೊಡು" ಅಂದರು.