ಮಣಿಕಟ್ಟು ಹಿಡಿದ ಕೈ

ದೆವ್ವ, ಗಾಳಿ ಎಂದು ಯಾರಾದರೂ ಬಾಯಿಬಿಟ್ಟರೆ ಮೊದಲು ನಗುತ್ತಿದ್ದವನು ನಾನೇ. ಹೊಸೂರು ಕಡೆಯ ತಳಿ ಎಂಬ ಊರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಂಥ ಕಥೆಗಳಿಗೆ ಬರವಿಲ್ಲ. ಅಕ್ಕನ ಗಂಡ, ನಮ್ಮ ಭಾವನವರಂತೂ ಹುಣಸೆಮರದಡಿ ತಮಗೆ ಕಂಡ ಸತ್ತವರನ್ನೆಲ್ಲ ಹೆಸರು ಹಿಡಿದು ಹೇಳುತ್ತಿದ್ದರು. ಎಷ್ಟು ಕುಡಿದಿದ್ದಿರಿ ಎಂದು ಕೇಳಿ ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನನ್ನು ನೋಡಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಹೊಸೂರಿನ ಒಂದು ಕಾರ್ಖಾನೆಯಲ್ಲಿ ಲಾರಿಯ ಬಿಡಿಭಾಗಗಳ ಮೇಲೆ ಗೀರು, ಬಿರುಕು ಇವೆಯೇ ಎಂದು ನೋಡುವುದು ನನ್ನ ಕೆಲಸ. ಎಡಗಣ್ಣು ಚಿಕ್ಕಂದಿನಲ್ಲೇ ಪೆಟ್ಟು ತಿಂದು ಹೋಗಿದೆ. ಬೆಳಕು, ಕತ್ತಲೆ ಬಿಟ್ಟರೆ ಅದಕ್ಕೇನೂ ತಿಳಿಯದು. ಇರುವುದೊಂದು ಬಲಗಣ್ಣು. ಕೆಲವು ವರ್ಷಗಳ ಹಿಂದೆ ಅದಕ್ಕೂ ಪೊರೆ ಬಂದು ಆಪರೇಷನ್ ಆಯಿತು. ನೋಟ ಚೆನ್ನಾಗಿಯೇ ಮರಳಿತ್ತು. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು.

ನಮ್ಮ ಕಡೆ ಕಣ್ಣು ಕೆಂಪಾಯಿತೆಂದರೆ ಅದು ಮದ್ರಾಸ್ ಐ, ಒಬ್ಬರಿಂದೊಬ್ಬರಿಗೆ ಅಂಟುವ ಕಣ್ಣುಬೇನೆ. ಬೇರೆ ಯೋಚನೆಯೇ ಇಲ್ಲ. ಜೊತೆಯವರು ಗೇಟಿನಲ್ಲೇ ಮುಖ ತಿರುಗಿಸಿಕೊಂಡರು, ಸೂಪರ್‌ವೈಸರ್ ರಜೆ ಕೊಟ್ಟು ಕಳಿಸಿದರು. ಮಗಳಿಗೆ ಪರೀಕ್ಷೆ ಹತ್ತಿರವಿತ್ತು. ಅವಳಿಗೆ ಅಂಟುವುದು ಬೇಡವೆಂದು ಊರಿನಲ್ಲಿದ್ದ ಅಕ್ಕನ ಮನೆಗೆ ಹೋದೆ. ಆಪರೇಷನ್ ಆದಾಗ ಕೊಟ್ಟಿದ್ದ ಹನಿ ಔಷಧಿ ಅರ್ಧ ಉಳಿದಿತ್ತು. ಉಳಿದ ಔಷಧಿ ಎಸೆಯುವ ಅಭ್ಯಾಸ ನಮ್ಮಲ್ಲಿಲ್ಲ, ಅದನ್ನೇ ಬಿಟ್ಟುಕೊಂಡೆ. ಕೆಂಪು ಇಳಿಯಿತು. ನೋವೂ ಅಷ್ಟಿರಲಿಲ್ಲ. ನೋಟ ಮಾತ್ರ ಮಂಜಾಗುತ್ತ ಹೋಯಿತು. ಸಾಲದೇನೋ ಎಂದು ಹನಿ ಹೆಚ್ಚಿಸಿದೆ.

ಬೆಳಕು ಕಂಡರೆ ಆಗುತ್ತಿರಲಿಲ್ಲವಾದ್ದರಿಂದ ರಾಗಿ ಮೂಟೆಗಳಿದ್ದ ಹಿಂದಿನ ಕೋಣೆಯಲ್ಲಿ ಕಿಟಕಿ ಮುಚ್ಚಿ ಮಲಗುತ್ತಿದ್ದೆ. ಅವತ್ತು ಮಧ್ಯಾಹ್ನ ಅಕ್ಕ ತೋಟಕ್ಕೆ ಹೊರಟಳು.

“ಮೊಮ್ಮಕ್ಕ್ಳು ಇಸ್ಕೂಲಿಂದ ಬಂದು ಒಳಕ್ ನುಗ್ಬುಟ್ರೆ ಕಷ್ಟ ಕಣ್ಲಾ. ಆಚೆಯಿಂದ ಚಿಲ್ಕ ಹಾಕ್ಕೊಂಡ್ ಹೋಗ್ತೀನಿ. ಹೂ ಕಿತ್ಬುಟ್ಟು ಬಿರ್ರನೆ ಬತ್ತೀನಿ” ಎಂದಳು.

ಚಿಲಕ ಬಿದ್ದ ಸದ್ದು ಕೇಳಿತು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಕೂತು, ತಲೆ ಹಿಂದಕ್ಕೆ ಹಾಕಿ, ಹನಿಯ ಸೀಸೆಯನ್ನು ಬಲಗೈಯಲ್ಲಿ ಕಣ್ಣಿನ ಮೇಲೆ ಹಿಡಿದೆ. ಯಾರೋ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು.

ಬೆಚ್ಚಗಿನ ಕೈ, ಒರಟು ಬೆರಳುಗಳು. ಅಕ್ಕನೇ ಬಂದಳೆಂದುಕೊಂಡು “ಬಿಡಕ್ಕ” ಎಂದೆ. ಬಿಡಲಿಲ್ಲ. ಎಳೆದೆ, ಕೊಸರಿದೆ. ಹಿಡಿತ ಇನ್ನೂ ಬಿಗಿಯಾಯಿತು. ಯಾರೆಂದು ನೋಡೋಣವೆಂದರೆ ಕಣ್ಣಿಗೆ ಮಸುಕು ಮಾತ್ರ. ಹಾಗೇ ಬಾಗಿಲವರೆಗೆ ತಡವರಿಸಿಕೊಂಡು ಹೋದೆ. ಆ ಕೈಯೂ ನನ್ನ ಜೊತೆಗೇ ಬಂತು. ಬಾಗಿಲು ಗುದ್ದಿ ಕೂಗಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಎಷ್ಟು ಹೊತ್ತು ಹಾಗೆ ಸಿಕ್ಕಿಬಿದ್ದಿದ್ದೆನೋ ಹೇಳಲಾರೆ. ಕೊನೆಗೆ ಬೆರಳು ಸೋತು ಸೀಸೆ ಕೆಳಗೆ ಬಿತ್ತು, ಕಾಲಡಿ ಸಿಕ್ಕಿ ಒಡೆಯಿತು. ಆಗ ಕೈ ಬಿಟ್ಟಿತು.

ಅಕ್ಕ ಬಂದು ಬಾಗಿಲು ತೆಗೆದಾಗ ನಾನು ಬಾಗಿಲ ಬಳಿಯೇ ಕೂತಿದ್ದೆ. ಒಳಗೆ ಯಾರು ಬಂದಿದ್ದರು ಎಂದು ಕೇಳಿದೆ.

“ಯಾರ್ಲಾ ಬತ್ತಾರೆ? ಚಿಲ್ಕ ಹಾಕ್ದಂಗೇ ಇತ್ತಲ್ಲ” ಎಂದಳು.

ಆ ಕೋಣೆಯಲ್ಲಿ ಇನ್ನೊಂದು ಗಳಿಗೆಯೂ ಇರುವುದಿಲ್ಲವೆಂದು ಹಟ ಹಿಡಿದೆ. ಹೊಸೂರಿಗೆ ಹೋಗುವ ಜೀಪು ಹತ್ತಿಸಿದಳು, ಜೊತೆಗೆ ಬಂದಳು. ಆಪರೇಷನ್ ಮಾಡಿದ್ದ ಡಾಕ್ಟರಮ್ಮನೇ ಕಣ್ಣಿಗೆ ಬಣ್ಣದ ಹನಿ ಹಾಕಿ, ದೀಪ ಬಿಟ್ಟು ನೋಡಿದರು. ಮದ್ರಾಸ್ ಐ ಅಲ್ಲವೇ ಅಲ್ಲ. ಹಿಂದೆ ಜ್ವರ ಬಂದಾಗ ತುಟಿಯಂಚಿನಲ್ಲಿ ಗುಳ್ಳೆ ಏಳುತ್ತಿತ್ತೇ ಎಂದು ಕೇಳಿದರು. ಏಳುತ್ತಿತ್ತು. ಅದೇ ಹರ್ಪಿಸ್ ವೈರಸ್ಸು ವರ್ಷಗಟ್ಟಲೆ ಮೈಯಲ್ಲಿ ಸುಮ್ಮನಿದ್ದು, ಆಪರೇಷನ್ ಆದ ಮೇಲೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ ಹತ್ತಿಕೊಂಡಿತ್ತು. ಅದು ಸ್ಪರ್ಶವನ್ನೇ ಮಂದ ಮಾಡುವುದರಿಂದ ನೋವು ಗೊತ್ತಾಗಿರಲಿಲ್ಲ. ನಾನು ಬಿಟ್ಟುಕೊಳ್ಳುತ್ತಿದ್ದ ಹನಿಯಲ್ಲಿದ್ದ ಸ್ಟೀರಾಯ್ಡ್ ಕೆಂಪನ್ನಷ್ಟೇ ಇಳಿಸಿ, ಆ ವೈರಸ್ಸಿಗೆ ಮೇವು ಹಾಕಿದಂತಾಗಿತ್ತು.

“ಇನ್ನಷ್ಟು ಬಿಟ್ಟಿದ್ರೆ ಈ ಕಣ್ಣು ಉಳೀತಿರ್ಲಿಲ್ಲ. ಯಾಕೆ ನಿಲ್ಸಿದ್ರಿ?” ಎಂದರು.

ಸೀಸೆ ಒಡೆದುಹೋಯಿತು ಎಂದೆ. ಬೇರೇನು ಹೇಳಲಿ?

ಮಾತ್ರೆ, ಮುಲಾಮು ಎಂದು ತಿಂಗಳುಗಟ್ಟಲೆ ನಡೆಯಿತು. ಕಲೆ ಉಳಿದಿದೆ, ಆದರೂ ಕೆಲಸಕ್ಕೆ ಸಾಲುವಷ್ಟು ನೋಟವಿದೆ. ಆ ಕೈಗೆ ಕೃತಜ್ಞನಾಗಿರಬೇಕು ಎಂದು ಅಕ್ಕ ಹೇಳುತ್ತಾಳೆ. ನನಗೆ ನೆನೆದರೆ ಇವತ್ತಿಗೂ ಭಯವೇ ಆಗುತ್ತದೆ. ಗಾಬರಿಯಲ್ಲಿ ನನ್ನ ಎಡಗೈಯೇ ಬಲಗೈಯನ್ನು ಹಿಡಿದುಕೊಂಡಿರಬೇಕು ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಎಡಗೈಯಲ್ಲಿ ನಾನು ಆಗ ಕೆಳರೆಪ್ಪೆಯನ್ನು ಎಳೆದು ಹಿಡಿದಿದ್ದೆ, ಆಮೇಲೆ ಅದರಲ್ಲೇ ಬಾಗಿಲು ಗುದ್ದಿದ್ದೆ.